ಇಂಗ್ಲಿಷ್ ಬಾರದ ಮನೆಯಲ್ಲಿ ಇಂಗ್ಲಿಷ್ ಕಲಿಯುವ ಮಗು

ತನ್ನ ಮಗುವಿಗೆ ಇಂಗ್ಲಿಷ್ ಬರಲಿ ಎಂದು ಬಯಸುವ ತಾಯಿಯನ್ನು ಕನ್ನಡಕ್ಕೆ ಎರಡು ಬಗೆದವಳಂತೆ ನೋಡುವ ಅಭ್ಯಾಸವನ್ನು ನಾವು ಬಿಡಬೇಕು. ಹೊಲದಲ್ಲಿ, ಗಾರ್ಮೆಂಟ್ಸಿನಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ ದುಡಿಯುವ ಹೆಂಗಸರು ಇಂಗ್ಲಿಷ್ ಬೇಕು ಅನ್ನುವುದಕ್ಕೆ ಬಲವಾದ ಕಾರಣವಿದೆ. ಬ್ಯಾಂಕಿನ ಅರ್ಜಿ, ಡಾಕ್ಟರು ಬರೆದ ಚೀಟಿ, ಕೋರ್ಟಿನ ನೋಟಿಸು, ಕೆಲಸದ ಸಂದರ್ಶನ, ಎಲ್ಲ ಕಡೆಯೂ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ಆ ಭಾಷೆಯೇ. ತಾವು ನಿಂತಲ್ಲಿ ಮಕ್ಕಳು ನಿಲ್ಲಬಾರದು ಎಂಬುದು ಅವರ ಹಟ, ಅದು ನ್ಯಾಯವಾದ ಹಟ. ನನ್ನ ತಕರಾರು ಇರುವುದು ಆ ಆಸೆ ಈಡೇರಲೆಂದು ನಮ್ಮ ಮನೆಗಳಲ್ಲಿ ದಿನಾ ಸಂಜೆ ನಡೆಯುವ ಕೆಲಸದ ಬಗ್ಗೆ.

ಕರ್ನಾಟಕದಲ್ಲಿ ಇಂಗ್ಲಿಷಿನ ಚರ್ಚೆಯೆಂದರೆ ನಾಲ್ಕು ದಶಕಗಳಿಂದ ಮಾಧ್ಯಮದ ಚರ್ಚೆಯೇ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿ ಆಯಿತು. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂಬ 1994ರ ಸರ್ಕಾರಿ ಆದೇಶ ಬಂತು. ಅದು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟು ತಲುಪಿ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪು ಕೊಟ್ಟಿತು. ಆಯ್ಕೆ ತಂದೆತಾಯಿಗಳ ಕೈಗೆ ಬಂತು. ಇತ್ತ ಸರ್ಕಾರಿ ಕನ್ನಡ ಶಾಲೆಗಳಲ್ಲೂ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುತ್ತಿದ್ದಾರೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಆರು ವರ್ಷದ ಮಗು ಇವತ್ತು ಯಾವ ಶಾಲೆಗೆ ಸೇರಿದರೂ ಇಂಗ್ಲಿಷ್ ಶುರುವಾಗುತ್ತದೆ. ಆದರೆ ಶುರುವಾದದ್ದು ಮುಂದೆ ಸಾಗುತ್ತಿಲ್ಲ. ಹಳ್ಳಿಗಾಡಿನ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ನೋಡುವ ಅಸರ್ ಸಮೀಕ್ಷೆಯ 2022ರ ವರದಿಯಂತೆ, ದೇಶದ ಐದನೇ ತರಗತಿಯ ಮಕ್ಕಳಲ್ಲಿ ಇಂಗ್ಲಿಷಿನ ಸರಳ ವಾಕ್ಯವನ್ನು ಓದಬಲ್ಲವರು ಶೇ. 24.5. ಅದಕ್ಕೆ ಆರು ವರ್ಷ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ನಾಲ್ವರಲ್ಲಿ ಮೂವರು ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಪಾಠದಲ್ಲಿ ಕೂತೂ ಒಂದು ಸಣ್ಣ ವಾಕ್ಯ ಓದಲಾರರು.

ಈ ಸಂಕಟ ಕಂಡ ತಂದೆತಾಯಿ ಸುಮ್ಮನೆ ಕೂರುವುದಿಲ್ಲ. ಕೈಲಾದವರು ಟ್ಯೂಷನ್ನಿಗೆ ಕಳಿಸುತ್ತಾರೆ. ಅಲ್ಲಿ ಬಹುಮಟ್ಟಿಗೆ ನಡೆಯುವುದು ಶಾಲೆಯಲ್ಲಿ ನಡೆದದ್ದೇ: ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸುವುದು, ತಪ್ಪಿದ ಸ್ಪೆಲ್ಲಿಂಗನ್ನು ಹತ್ತು ಸಲ ಬರೆಸುವುದು. ಮಗು ಸಂಜೆಯ ಆಟ ಕಳೆದುಕೊಳ್ಳುತ್ತದೆ, ಅದರಿಂದ ಇಂಗ್ಲಿಷೇನೂ ಹತ್ತಿರವಾಗುವುದಿಲ್ಲ. ಟ್ಯೂಷನ್ನಿನ ಬಗ್ಗೆ ಇಷ್ಟು ಸಾಕು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ರೂಢಿ. ಮನೆಯಲ್ಲಿ ಇಂಗ್ಲಿಷ್ ವಾತಾವರಣ ಇರಬೇಕು ಎಂದು ಯಾರೋ ಹೇಳಿದ್ದನ್ನು ನಂಬಿ, ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲೇ ಮಗುವಿನ ಜೊತೆ ಮಾತಾಡಲು ಹೊರಡುವ ತಾಯಂದಿರು ಈಗ ಪಟ್ಟಣಗಳಲ್ಲಿ ಮಾತ್ರವಲ್ಲ, ಹೋಬಳಿಗಳಲ್ಲೂ ಇದ್ದಾರೆ. "ಪುಟ್ಟಾ, ಹ್ಯಾಂಡ್ ವಾಶ್ ಮಾಡು, ಮಿಲ್ಕ್ ಫಿನಿಶ್ ಮಾಡು, ಡಾಗ್ ಟಚ್ ಮಾಡಬೇಡ" ಎಂಬ ಮಾತು ಪ್ರೀತಿಯಿಂದಲೇ ಹುಟ್ಟಿದೆ. ಹೀಗೆ ಮಾತಾಡುವಾಗ ಆಗುವ ನಷ್ಟ ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ.

ಆ ತಾಯಿಗೆ ಗೊತ್ತಿರುವುದು ಇನ್ನೂರೋ ಮುನ್ನೂರೋ ಇಂಗ್ಲಿಷ್ ಪದ ಎಂದುಕೊಳ್ಳಿ. ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕು ಎಂದು ಆಕೆ ತೀರ್ಮಾನಿಸಿದ ದಿನದಿಂದ ಮನೆಯ ಮಾತೆಲ್ಲ ಆ ಇನ್ನೂರು ಮುನ್ನೂರು ಪದಗಳೊಳಗೆ ಕುಗ್ಗುತ್ತದೆ. ತಿನ್ನು, ತೊಳೆ, ಬಾ, ಬೇಡ ಎಂಬ ಅಪ್ಪಣೆಗಳು ಉಳಿಯುತ್ತವೆ. ಅಜ್ಜನಿಗೂ ಚಿಕ್ಕಪ್ಪನಿಗೂ ಯಾಕೆ ಮಾತಿಲ್ಲ, ಈ ಸಲ ಮಳೆ ತಡವಾದದ್ದಕ್ಕೆ ಅಪ್ಪ ಯಾಕೆ ಬೀಜ ಬದಲಿಸಿದರು, ಸಂತೆಯಲ್ಲಿ ಮೊದಲು ಹೇಳಿದ ಬೆಲೆಗೂ ಕೊನೆಗೆ ಕೊಟ್ಟ ಬೆಲೆಗೂ ಯಾಕೆ ಅಷ್ಟು ಅಂತರ ಎಂಬ ಮಾತುಗಳು ಆ ಮನೆಯಲ್ಲಿ ಮಗುವಿನ ಕಿವಿಗೆ ಬೀಳುವುದು ನಿಲ್ಲುತ್ತದೆ. ಮಗುವಿನ ಬುದ್ಧಿ ಬೆಳೆಯುವುದು ಇಂಥ ಮಾತುಗಳಲ್ಲಿಯೇ. ಆದ್ದರಿಂದ, ಆದರೂ, ಒಂದು ವೇಳೆ, ಅಷ್ಟರಲ್ಲಿ ಎಂಬ ಪದಗಳು ಒಂದು ಸಂಗತಿಗೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಹೇಳುತ್ತವೆ. ಆ ಸಂಬಂಧಗಳನ್ನು ಕನ್ನಡದಲ್ಲಿ ಚೆನ್ನಾಗಿ ಬಲ್ಲ ಮಗುವಿಗೆ ಇಂಗ್ಲಿಷಿನಲ್ಲಿ ಕಲಿಯಬೇಕಾದದ್ದು ಹೊಸ ಹೆಸರು ಮಾತ್ರ. ಕನ್ನಡದಲ್ಲೂ ಅವನ್ನು ಅರಿಯದ ಮಗು ಹೆಸರನ್ನೂ ಕಲಿಯಬೇಕು, ಅದು ಸೂಚಿಸುವ ವಿಚಾರವನ್ನೂ ಕಲಿಯಬೇಕು. ಎರಡೂ ಒಟ್ಟಿಗೆ ಬಂದಾಗ ಅದು ತತ್ತರಿಸುತ್ತದೆ.

ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಿಂದ ವಾದಿಸುತ್ತಾ ಬಂದದ್ದು ಇದನ್ನೇ. ಎರಡು ಭಾಷೆಗಳು ಮಗುವಿನ ತಲೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಇರುವುದಿಲ್ಲ. ಒಂದರಲ್ಲಿ ಗಳಿಸಿದ ಓದುವ, ಯೋಚಿಸುವ ಶಕ್ತಿ ಇನ್ನೊಂದಕ್ಕೂ ಒದಗುತ್ತದೆ ಎಂಬುದು ಅವರ ಮುಖ್ಯ ಮಾತು. ಅವರ ಇನ್ನೊಂದು ಮಾತನ್ನು ನಮ್ಮ ತಂದೆತಾಯಿಗಳು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಕೆನಡಾಕ್ಕೆ ವಲಸೆ ಬಂದ ಮಕ್ಕಳು ಆಟದ ಬಯಲಿನ ಇಂಗ್ಲಿಷನ್ನು ಎರಡು ವರ್ಷದಲ್ಲಿ ಮಾತಾಡತೊಡಗುತ್ತಾರೆ, ಆದರೆ ಪಾಠಪುಸ್ತಕದ ಇಂಗ್ಲಿಷಿನಲ್ಲಿ ಅಲ್ಲಿಯ ಮಕ್ಕಳಿಗೆ ಸರಿಸಮ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ. ಬೀದಿಯಲ್ಲಿ, ಅಂಗಡಿಯಲ್ಲಿ, ಟಿವಿಯಲ್ಲಿ ಇಂಗ್ಲಿಷನ್ನೇ ಕೇಳುವ ಮಕ್ಕಳ ಕಥೆಯಿದು. ಹಾವೇರಿಯಲ್ಲೋ ಚಾಮರಾಜನಗರದಲ್ಲೋ ದಿನಕ್ಕೆ ಒಂದು ಪೀರಿಯಡ್ ಇಂಗ್ಲಿಷ್ ಕೇಳುವ ಮಗು ಎರಡನೇ ತರಗತಿಯಲ್ಲಿ ಗಳಗಳನೆ ಮಾತಾಡುತ್ತಿಲ್ಲ ಎಂದು ಅದರ ತಲೆಗೆ ಮೊಟಕುವುದು ಎಂಥ ಅನ್ಯಾಯ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹಾಗಾದರೆ ನಮ್ಮ ಹಿರಿಯರು ಮಾಡಿದಂತೆ ಪ್ರೈಮರಿಯೆಲ್ಲ ಕನ್ನಡದಲ್ಲೇ ಓದಿ ಆಮೇಲೆ ಇಂಗ್ಲಿಷ್ ಕಲಿತರೆ ಸಾಕಲ್ಲವೇ, ಅಡಿಗರು, ಅನಂತಮೂರ್ತಿ, ಲಂಕೇಶ್ ಇಂಗ್ಲಿಷ್ ಮೇಷ್ಟ್ರುಗಳಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆದರು, ನಿಜ. ಅದೇ ತಲೆಮಾರಿನಲ್ಲಿ ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಫೇಲಾಗಿ ಓದು ಬಿಟ್ಟವರ ಲೆಕ್ಕವನ್ನೂ ನಾವು ಇಡಬೇಕಿತ್ತು. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಪುಸ್ತಕವಿಲ್ಲದವರ, ಅಕ್ಷರವಿಲ್ಲದವರ ಮಕ್ಕಳು. ದೊಡ್ಡ ಲೇಖಕರ ಉದಾಹರಣೆ ಕೊಟ್ಟು ಬಡ ತಂದೆತಾಯಿಗಳ ಆತಂಕವನ್ನು ತಳ್ಳಿಹಾಕುವುದು ಸರಿಯಲ್ಲ. ಇಂಗ್ಲಿಷ್ ಒಂದನೇ ತರಗತಿಯಿಂದಲೇ ಇರಲಿ. ಅದು ಕನ್ನಡದ ಜಾಗಕ್ಕೆ ಬಾರದೆ ಕನ್ನಡದ ಪಕ್ಕದಲ್ಲಿ ಬಂದು ಕೂರಲಿ ಎಂಬುದಷ್ಟೇ ನನ್ನ ವಾದ. ಹಾಗೆ ಕೂರಿಸುವ ಕೆಲಸವನ್ನು ಇಂಗ್ಲಿಷ್ ಬಾರದ ತಂದೆತಾಯಿಯೂ ಚೆನ್ನಾಗಿ ಮಾಡಬಲ್ಲರು.

ಮೊದಲು ಕಿವಿಯ ವಿಷಯ. ಕನ್ನಡ ಅಕ್ಷರಗಳನ್ನು ತಿದ್ದುವ ಹೊತ್ತಿಗೆ ಮಗು ಐದಾರು ವರ್ಷ ಕನ್ನಡವನ್ನು ಕೇಳಿರುತ್ತದೆ, ಆಡಿರುತ್ತದೆ. ಅಕ್ಷರ ಆಮೇಲೆ ಬರುತ್ತದೆ. ಇಂಗ್ಲಿಷಿನಲ್ಲಿ ನಾವು ಇದನ್ನು ತಿರುಗುಮುರುಗು ಮಾಡಿದ್ದೇವೆ. ಒಂದು ವಾಕ್ಯವನ್ನೂ ಕಿವಿತುಂಬ ಕೇಳದ ಮಗುವಿನ ಕೈಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟು, ಎಲ್‌ಕೆಜಿಯಲ್ಲೇ ದೊಡ್ಡಕ್ಷರ, ಚಿಕ್ಕಕ್ಷರ, ಆಮೇಲೆ ಕೂಡಕ್ಷರ ಎಂದು ಬರೆಸುತ್ತೇವೆ. ಕನ್ನಡದಲ್ಲಿ ಅಕ್ಷರ ಬಂದರೆ ಓದು ಬಂದಂತೆ. ಕ ಎಂದು ಬರೆದರೆ ಕ ಎಂದೇ ಓದಬೇಕು, ಕಾಗುಣಿತ ಗೊತ್ತಿದ್ದರೆ ಅರ್ಥ ತಿಳಿಯದ ಪದವನ್ನೂ ಓದಬಹುದು. ಈ ಅನುಭವವಿರುವ ತಂದೆತಾಯಿ ಇಂಗ್ಲಿಷೂ ಹಾಗೇ ಎಂದು ನಂಬಿ, ಇಪ್ಪತ್ತಾರು ಅಕ್ಷರ ಬಂದ ಮೇಲೂ ಮಗು ಯಾಕೆ ಓದುತ್ತಿಲ್ಲ ಎಂದು ಕೋಪಿಸಿಕೊಳ್ಳುತ್ತಾರೆ. ಇಂಗ್ಲಿಷಿನ ಆ 26 ಅಕ್ಷರಗಳು ಸುಮಾರು 44 ಧ್ವನಿಗಳನ್ನು ಹೊರಬೇಕು. ಕ್ಯಾಟ್ ಎಂಬಲ್ಲಿ ಕ ಆಗುವ ಅಕ್ಷರವೇ ಸಿಟಿ ಎಂಬಲ್ಲಿ ಸ ಆಗುತ್ತದೆ. ಅಕ್ಷರದ ಹೆಸರಿಗೂ ಅದು ಪದದೊಳಗೆ ಹೊರಡಿಸುವ ಸದ್ದಿಗೂ ಸಂಬಂಧ ಅಷ್ಟಕ್ಕಷ್ಟೆ. ಹೀಗಿರುವಾಗ ಆ ಪದಗಳನ್ನು ಹತ್ತಾರು ಸಲ ಕೇಳಿ, ಅವುಗಳ ಅರ್ಥ ಬಲ್ಲ ಮಗು ಮಾತ್ರ ಬರಹವನ್ನು ಸರಿಯಾಗಿ ಊಹಿಸಬಲ್ಲದು.

ಕೇಳಿಸುವುದು ಹೇಗೆ? ಮೊಬೈಲು ಇದೆಯಲ್ಲ ಎಂದು ಎಲ್ಲರೂ ಹೇಳುತ್ತಾರೆ. ಮೊಬೈಲಿನಿಂದ ಉಪಯೋಗವಿದೆ, ಒಂದು ಕರಾರಿನ ಮೇಲೆ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರಿಷಿಯಾ ಕೂಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಲ್ಲಿ ಕೆಲವರ ಎದುರು ಚೀನೀ ಭಾಷೆಯವರು ಕೂತು ಆಡಿಸುತ್ತಾ ಮಾತಾಡಿದರು. ಇನ್ನು ಕೆಲವರಿಗೆ ಅದೇ ಮಾತನ್ನು ಪರದೆಯ ಮೇಲೆ ತೋರಿಸಿದರು. ಎದುರು ಮನುಷ್ಯರಿದ್ದ ಕೂಸುಗಳು ಆ ಭಾಷೆಯ ಸದ್ದುಗಳ ವ್ಯತ್ಯಾಸವನ್ನು ಹಿಡಿದವು. ಪರದೆ ನೋಡಿದವು ಹಿಡಿಯಲಿಲ್ಲ. ಶಾಲೆಗೆ ಹೋಗುವ ಮಕ್ಕಳು ಕೂಸುಗಳಲ್ಲ, ಅವರು ಪರದೆಯಿಂದಲೂ ಕಲಿಯುತ್ತಾರೆ. ಆದರೂ ಮನುಷ್ಯ ಪಕ್ಕದಲ್ಲಿರುವುದಕ್ಕೆ ಬೆಲೆಯಿದೆ. ಮಗುವಿಗೆ ಫೋನು ಕೊಟ್ಟು ಒಲೆಯ ಕಡೆ ತಿರುಗಿದರೆ ಒಂದಾದ ಮೇಲೊಂದು ವೀಡಿಯೊ ತಾನಾಗಿ ಓಡುತ್ತದೆ, ಮಗುವಿನ ಕಣ್ಣು ಓಡುತ್ತದೆ, ಭಾಷೆ ತಲೆಯಲ್ಲಿ ನಿಲ್ಲುವುದಿಲ್ಲ. ಅದರ ಬದಲು ಐದು ನಿಮಿಷದ ಒಂದೇ ಇಂಗ್ಲಿಷ್ ಕಥೆಯನ್ನು ಆರಿಸಿ, ಅದನ್ನೇ ವಾರವಿಡೀ ಮಗುವಿನ ಜೊತೆ ಕೂತು ಕೇಳಿ. ನಿಮಗೆ ಅರ್ಥವಾಗದಿದ್ದರೆ ಮಗುವನ್ನೇ ಕೇಳಿ: "ಆ ನರಿ ಏನಂತು? ಆಮೇಲೆ ಏನಾಯ್ತು?" ಕೇಳುವುದು ಕನ್ನಡದಲ್ಲಿರಲಿ, ಉತ್ತರವೂ ಕನ್ನಡದಲ್ಲಿರಲಿ. ಅವ್ವನಿಗೆ ಹೇಳಬೇಕಲ್ಲ ಎಂಬ ಕಾರಣಕ್ಕೇ ಮಗು ಗಮನವಿಟ್ಟು ಕೇಳುತ್ತದೆ. ಮೂರನೇ ದಿನಕ್ಕೆ ಕಥೆಯ ಒಂದೆರಡು ಇಂಗ್ಲಿಷ್ ವಾಕ್ಯಗಳು ತಾವಾಗಿಯೇ ಅದರ ಬಾಯಿಗೆ ಬರುತ್ತವೆ.

ಕೆಳಗೆ ಅದೇ ಭಾಷೆಯ ಅಕ್ಷರ ಓಡುವ ವೀಡಿಯೊ ಆದರೆ ಇನ್ನೂ ಒಳ್ಳೆಯದು. ಸಿನಿಮಾ ಹಾಡಿನ ಸಾಲುಗಳನ್ನು ಅದೇ ಭಾಷೆಯಲ್ಲಿ ಪರದೆಯ ಕೆಳಗೆ ತೋರಿಸಿದರೆ ನೋಡುವವರ ಓದು ಸುಧಾರಿಸುತ್ತದೆ ಎಂಬುದನ್ನು ಸಂಶೋಧಕ ಬ್ರಿಜ್ ಕೊಠಾರಿ 1996ರಿಂದ ಭಾರತದಲ್ಲೇ ತೋರಿಸುತ್ತಾ ಬಂದಿದ್ದಾರೆ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ, ಪ್ರಯಾಸವೂ ಇಲ್ಲ.

ಕಿವಿಯ ನಂತರ ಪುಸ್ತಕ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಪಾಠಪುಸ್ತಕ ಬಿಟ್ಟು ಇನ್ನೊಂದು ಇಂಗ್ಲಿಷ್ ಪುಸ್ತಕವನ್ನು ಮುಟ್ಟದೆಯೇ ನಮ್ಮ ಬಹುಪಾಲು ಮಕ್ಕಳು ಪ್ರೈಮರಿ ದಾಟುತ್ತಾರೆ. ಪಾಠಪುಸ್ತಕದ ಹತ್ತಿಪ್ಪತ್ತು ಪಾಠಗಳಿಂದ ಒಂದು ಭಾಷೆ ಬರಲು ಸಾಧ್ಯವೇ ಇಲ್ಲ. ಫಿಜಿ ದ್ವೀಪಗಳಲ್ಲಿ ಸಂಶೋಧಕರಾದ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಾಂಗುಭಾಯ್ 1980ರ ಹೊತ್ತಿಗೆ ಮಾಡಿದ ಕೆಲಸವನ್ನು ಇಲ್ಲಿ ನೆನೆಯಬೇಕು. ಹಳ್ಳಿಗಳ ಶಾಲೆ, ನಾಲ್ಕು ಐದನೇ ತರಗತಿಯ ಮಕ್ಕಳು, ಮನೆಮಾತು ಫಿಜಿಯನ್ನೋ ಹಿಂದಿಯೋ. ಹಿಂದಿ ಆಡುತ್ತಿದ್ದವರು ಕಬ್ಬಿನ ಗದ್ದೆಗಳಿಗೆ ಕೂಲಿಗೆಂದು ನಮ್ಮ ದೇಶದಿಂದ ಹೋದವರ ಮೊಮ್ಮಕ್ಕಳು, ಮರಿಮಕ್ಕಳು. ಆ ತರಗತಿಗಳಿಗೆ ಚಿತ್ರಗಳಿರುವ ಸುಮಾರು 250 ಇಂಗ್ಲಿಷ್ ಕಥೆಪುಸ್ತಕ ಕೊಟ್ಟರು. ಕೆಲವು ಶಾಲೆಗಳಲ್ಲಿ ಮಕ್ಕಳು ಸುಮ್ಮನೆ ಓದಿಕೊಂಡರು, ಕೆಲವು ಕಡೆ ಶಿಕ್ಷಕರು ಓದಿ ಹೇಳಿ ಮಾತಾಡಿಸಿದರು. ಪುಸ್ತಕವಿಲ್ಲದೆ ಮಾಮೂಲಿ ಪಾಠ ಕೇಳಿದ ಮಕ್ಕಳಿಗಿಂತ ಇವರ ಓದು ಎರಡು ಪಟ್ಟು ವೇಗದಲ್ಲಿ ಸುಧಾರಿಸಿತು. ಎರಡನೇ ವರ್ಷಕ್ಕೆ ಬರವಣಿಗೆಯೂ ಮೇಲೇರಿತು. ವ್ಯಾಕರಣದ ಹೆಚ್ಚುವರಿ ಪಾಠ ಮಾಡಿರಲಿಲ್ಲ, ಹೊಸ ಮೇಷ್ಟ್ರು ಬಂದಿರಲಿಲ್ಲ. ಮಕ್ಕಳಿಗೆ ಇಷ್ಟವಾಗುವ ಪುಸ್ತಕ ಅವರ ಕೈಗೆಟುಕುವಲ್ಲಿ ಇತ್ತು, ಅಷ್ಟೆ.

ಆ ಸೌಲಭ್ಯ ಇವತ್ತು ನಮಗೆ ಇನ್ನೂ ಸುಲಭವಾಗಿ ಸಿಗುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆಯಿತು. ಅಲ್ಲಿ ಸಾವಿರಾರು ಚಿತ್ರಕಥೆಗಳು ಉಚಿತ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ, ಓದಿನ ಮಟ್ಟವನ್ನೂ ಗುರುತಿಸಿರುತ್ತಾರೆ. ಎರಡೂ ಭಾಷೆ ಒಂದೇ ಪುಟದಲ್ಲಿರುವ ಅಚ್ಚಾದ ಪುಸ್ತಕಗಳನ್ನೂ ಆ ಸಂಸ್ಥೆ ತಂದಿದೆ. ಇಂಗ್ಲಿಷ್ ಬಾರದ ತಾಯಿಗೆ ಇದಕ್ಕಿಂತ ದೊಡ್ಡ ನೆರವು ಬೇರೆ ಇಲ್ಲ. ಮೊದಲು ಕಥೆಯನ್ನು ಕನ್ನಡದಲ್ಲಿ ಓದಿ ಹೇಳಿ. ಚಿತ್ರ ತೋರಿಸಿ, ಮುಂದೇನಾಗಬಹುದು ಎಂದು ಕೇಳಿ, ಮಗು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಮಾರನೆಯ ದಿನ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಮಗು ನಿಮಗೆ ಓದಲಿ. ಕಥೆ ಗೊತ್ತಿರುವುದರಿಂದ ತಿಳಿಯದ ಪದದ ಅರ್ಥ ತಾನೇ ಹೊಳೆಯುತ್ತದೆ. ಎಡವಿದ ಕಡೆ ನೀವು ತಿದ್ದಲಾರಿರಿ, ತಿದ್ದುವುದು ಬೇಕೂ ಇಲ್ಲ. ಕೇಳುವ ಕಿವಿಯೊಂದು ಎದುರಿಗಿದ್ದರೆ ಮಗು ಓದುತ್ತದೆ. ಅಕ್ಷರವೇ ಬಾರದ ಅಜ್ಜಿಯೂ ಈ ಕೆಲಸ ಮಾಡಬಲ್ಲಳು, "ನನಗೂ ಸ್ವಲ್ಪ ಹೇಳಿಕೊಡೋ ಮಗಾ" ಎಂದರೆ ಇನ್ನೂ ಚೆಂದ. ಕಲಿಸಲು ಹೊರಟ ಮಗು ತಾನು ಕಲಿತದ್ದನ್ನು ಮರೆಯುವುದಿಲ್ಲ.

ಈ ಕೆಲಸ ಬಹುತೇಕ ಮನೆಗಳಲ್ಲಿ ತಾಯಿಯ ತಲೆಗೇ ಬೀಳುತ್ತಿದೆ ಎಂಬುದನ್ನೂ ಹೇಳಬೇಕು. ಹೋಂವರ್ಕ್ ಆಕೆಯದು, ಡೈರಿಗೆ ಸಹಿ ಆಕೆಯದು, ಮಾರ್ಕ್ಸ್ ಕಡಿಮೆಯಾದರೆ ಬೈಗುಳವೂ ಆಕೆಗೇ. ಮಗುವಿನ ಪಕ್ಕ ಕಾಲುಗಂಟೆ ಕೂತು ಕಥೆ ಕೇಳಲು ಅಪ್ಪನಿಗೆ ಯಾವ ವಿದ್ಯೆಯೂ ಬೇಕಿಲ್ಲ. ಅಪ್ಪ ಕೂತರೆ ಆ ಕಾಲುಗಂಟೆಯಲ್ಲಿ ಅಮ್ಮನಿಗೆ ತುಸು ಉಸಿರಾಡಲು ಬಿಡುವು ಸಿಗುತ್ತದೆ.

ಇಂಗ್ಲಿಷ್ ಕಲಿಸುವ ವಿಚಾರದಲ್ಲಿ ಜಗತ್ತು ಕರ್ನಾಟಕದಿಂದ ಒಂದು ಪಾಠ ಕಲಿತಿದೆ, ಅದು ನಮ್ಮಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ. 1979ರಿಂದ 1984ರವರೆಗೆ ಭಾಷಾಶಿಕ್ಷಣತಜ್ಞ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ಬೆಂಗಳೂರು, ಮದ್ರಾಸು ಮೊದಲಾದ ಕಡೆ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಭಾಷಾಶಿಕ್ಷಣದ ಪುಸ್ತಕಗಳಲ್ಲಿ ಅದರ ಹೆಸರು ಬೆಂಗಳೂರು ಪ್ರಾಜೆಕ್ಟ್. ವ್ಯಾಕರಣದ ಸೂತ್ರ ಹೇಳಿಕೊಡದೆ, ವಾಕ್ಯಗಳನ್ನು ಗಿಳಿಪಾಠ ಮಾಡಿಸದೆ, ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕಾಶೆಯನ್ನೋ ಇಟ್ಟು, ಯಾವ ಗಾಡಿ ಮೊದಲು ತಲುಪುತ್ತದೆ, ಯಾವ ದಾರಿ ಹತ್ತಿರ ಎಂಬ ಲೆಕ್ಕಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಹಚ್ಚಿದರು. ಮಗುವಿನ ಗಮನ ಉತ್ತರದ ಮೇಲಿರುವಾಗ ಭಾಷೆ ತನ್ನಷ್ಟಕ್ಕೆ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಇವತ್ತು ಜಗತ್ತಿನ ಬಹಳಷ್ಟು ಕಡೆ ಚಟುವಟಿಕೆ ಆಧರಿಸಿ ಭಾಷೆ ಕಲಿಸುವ ವಿಧಾನಕ್ಕೆ ಈ ಪ್ರಯೋಗ ಒಂದು ಮೂಲ.

ನಮ್ಮ ಮನೆಗಳಲ್ಲಿ ಇದನ್ನು ಮಾಡಲು ಬೇಕಾದ ಸಾಮಾನು ಆಗಲೇ ಇದೆ. ಬಿಸ್ಕತ್ತಿನ ಪೊಟ್ಟಣ, ಸೋಪಿನ ಹೊದಿಕೆ, ಗೊಬ್ಬರದ ಚೀಲ, ಬಿತ್ತನೆ ಬೀಜದ ಪ್ಯಾಕೆಟ್ಟು, ರೈಲಿನ ಟಿಕೆಟ್ಟು, ಕ್ರಿಕೆಟ್ ಪಂದ್ಯದ ಸ್ಕೋರು, ಎಲ್ಲದರ ಮೇಲೂ ಇಂಗ್ಲಿಷಿದೆ. "ಈ ಪೊಟ್ಟಣ ಯಾವ ತಿಂಗಳವರೆಗೆ ಬರುತ್ತೆ ನೋಡು", "ಎರಡು ಸೋಪಲ್ಲಿ ತೂಕ ಯಾವುದು ಜಾಸ್ತಿ", "ನಮ್ಮ ಸೀಟು ಯಾವ ಬೋಗೀಲಿದೆ" ಎಂದು ಕೇಳಿ. ಇದು ಪರೀಕ್ಷೆಯಾಗಬಾರದು, ನಿಮಗೆ ನಿಜವಾಗಿ ಬೇಕಾದ ಮಾಹಿತಿಯಾಗಿರಬೇಕು. ಮನೆಗೆ ತನ್ನಿಂದ ಒಂದು ಕೆಲಸವಾಯಿತು ಎಂಬ ಹೆಮ್ಮೆಯಲ್ಲಿ ಕಲಿತ ಪದ, ಡಿಕ್ಟೇಷನ್ನಿನ ಭಯದಲ್ಲಿ ಕಲಿತ ಪದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಒಂದು ಎಚ್ಚರ ಮಾತ್ರ ಇರಲಿ: ಮಾತ್ರೆ ಎಷ್ಟು ನುಂಗಬೇಕು, ಸಾಲದ ಕಾಗದದಲ್ಲಿ ಏನಿದೆ ಎಂಬುದನ್ನು ಎಂಟು ವರ್ಷದ ಮಗುವಿನ ಓದಿಗೆ ಬಿಡಬೇಡಿ. ಆ ಹೊಣೆ ದೊಡ್ಡವರದು.

ಇನ್ನು ತಪ್ಪುಗಳ ವಿಷಯ. ಕನ್ನಡದ ಮಗು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಿಗೆ ಕಾರಣವಿರುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ನಮ್ಮ ವಿಭಕ್ತಿ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ, ಅವರದು ಬೇರೆ ಪದವಾಗಿ ಮುಂದೆ ನಿಲ್ಲುತ್ತದೆ. ದಿ, ಎ, ಆ್ಯನ್ ಎಂಬವು ನಮ್ಮಲ್ಲಿ ಇಲ್ಲವೇ ಇಲ್ಲ. ಬಸ್ಸು, ಕಾರು, ಲೈಟು ಎಂದು ಪದದ ಕೊನೆಗೆ ಉಕಾರ ಹಚ್ಚುವುದು ನಮ್ಮ ನಾಲಗೆಯ ಸಹಜ ಗುಣ. ಇಷ್ಟೆಲ್ಲವನ್ನೂ ದಾಟಿ ಒಂದು ವಾಕ್ಯ ಕಟ್ಟಿದ ಮಗುವನ್ನು ನಡುವೆ ತಡೆದು ತಿದ್ದಿದರೆ ಅದು ಮುಂದಿನ ವಾಕ್ಯ ಕಟ್ಟುವುದಿಲ್ಲ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಒಂದು ವಯಸ್ಸಿನಲ್ಲಿ ವೆಂಟ್ ಎನ್ನಬೇಕಾದ ಕಡೆ ಗೋಡ್ ಎನ್ನುತ್ತಾರೆ. ಭೂತಕಾಲದ ನಿಯಮವನ್ನು ಮಗು ತಾನೇ ಕಂಡುಕೊಂಡು ಎಲ್ಲ ಕಡೆ ಹಚ್ಚುತ್ತಿದೆ ಎಂಬುದಕ್ಕೆ ಅದು ಗುರುತು. ಅಂಥ ತಪ್ಪು ಬೆಳವಣಿಗೆಯ ಲಕ್ಷಣ. ಮಗು ಕೆಲವು ತಿಂಗಳು ಬರೀ ಕೇಳುತ್ತಾ ಸುಮ್ಮನಿರುವುದೂ ಹಾಗೆಯೇ.

ಬಂದ ನೆಂಟರ ಮುಂದೆ ಮಗುವನ್ನು ನಿಲ್ಲಿಸಿ "ಅಂಕಲ್‌ಗೆ ಪೊಯಮ್ ಹೇಳು" ಎನ್ನುವುದನ್ನು ದಯವಿಟ್ಟು ಬಿಡಿ. ಪಕ್ಕದ ಮನೆಯ ಮಗುವಿನ ಇಂಗ್ಲಿಷಿಗೆ ಹೋಲಿಸುವುದನ್ನೂ ಬಿಡಿ. ಭಾಷೆ ಕಲಿಯುವವರಿಗೆ ಮೊದಲು ಬೇಕಾದದ್ದು ತಪ್ಪು ಮಾಡುವ ಧೈರ್ಯ. ಅದು ಹುಟ್ಟುವುದೂ ಸಾಯುವುದೂ ಮನೆಯಲ್ಲೇ. ಕನ್ನಡ ಮಾತಾಡಿದರೆ ದಂಡ ಹಾಕುವ, ಬೆಂಚಿನ ಮೇಲೆ ನಿಲ್ಲಿಸುವ ಶಾಲೆಗಳು ಈಗಲೂ ಇವೆ. ಇಂಥ ಶಾಲೆಯಲ್ಲಿ ಮಗು ಇಂಗ್ಲಿಷ್ ಕಲಿಯುವ ಮೊದಲು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯುತ್ತದೆ. ಅವ್ವನ ಮಾತು ಆಡಿದ್ದಕ್ಕೆ ಶಿಕ್ಷೆ ತಿಂದ ಮಗು ಅವ್ವನನ್ನೇ ಕೀಳೆಂದು ಬಗೆಯತೊಡಗಿದರೆ ತಪ್ಪು ಯಾರದು? ಫೀಸು ಕಟ್ಟುವ ತಂದೆತಾಯಿಗೆ ಇದನ್ನು ಪ್ರಶ್ನಿಸುವ ಹಕ್ಕಿದೆ, ಪ್ರಶ್ನಿಸಲೇಬೇಕು.

ಇಷ್ಟು ಹೇಳಿದ ಮೇಲೂ ಎಲ್ಲ ಹೊಣೆಯನ್ನು ಮನೆಯ ಮೇಲೆ ಹೇರುವುದು ನನ್ನ ಉದ್ದೇಶವಲ್ಲ. ಸಂಜೆ ಏಳಕ್ಕೆ ಕೂಲಿಯಿಂದ ಬಂದು ಒಲೆ ಹಚ್ಚುವ ಹೆಂಗಸಿಗೆ ಮಗುವನ್ನು ನೀನೇ ಓದಿಸು ಎಂದು ಉಪದೇಶ ಮಾಡುವುದು ಸುಲಭ. ಆಕೆಯಿಂದ ಆಗುವುದು ರೊಟ್ಟಿ ತಟ್ಟುತ್ತಾ ಕಥೆ ಹೇಳುವುದು, ಒಗಟು ಕೇಳುವುದು, ಶಾಲೆಯಲ್ಲಿ ಏನಾಯಿತೆಂದು ವಿಚಾರಿಸುವುದು. ಅಷ್ಟನ್ನು ಆಕೆ ತುಂಬುಮನಸ್ಸಿನಿಂದ, ತನ್ನ ಭಾಷೆಯಲ್ಲಿ ಮಾಡಿದರೆ ಮನೆಯ ಪಾಲಿನ ಕೆಲಸದಲ್ಲಿ ಮುಕ್ಕಾಲು ಮುಗಿಯಿತು. ಉಳಿದದ್ದು ಶಾಲೆಯದು, ಸರ್ಕಾರದ್ದು. ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡಲೆಂದು ಬೆಂಗಳೂರಿನಲ್ಲಿ 1963ರಲ್ಲೇ ಒಂದು ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿದ ರಾಜ್ಯ ನಮ್ಮದು. ಹೀಗಿದ್ದೂ ತಾವೇ ಇಂಗ್ಲಿಷ್ ಮಾತಾಡಲು ಅಂಜುವ ಶಿಕ್ಷಕರು ಪ್ರೈಮರಿ ಶಾಲೆಗಳಲ್ಲಿ ಇದ್ದಾರೆ. ಒಬ್ಬರೇ ಮೂರು ತರಗತಿ ನೋಡಿಕೊಳ್ಳಬೇಕಾದ ಕಡೆ ಅವರನ್ನು ದೂರಿ ಫಲವಿಲ್ಲ. ಅವರಿಗೆ ತರಬೇತಿ ಬೇಕು, ತರಗತಿಗೊಂದು ಪುಸ್ತಕದ ಕಪಾಟು ಬೇಕು. ಇದನ್ನು ಕೇಳಿ ಪಡೆಯುವುದೂ ತಂದೆತಾಯಿ ಮಗುವಿಗೆ ಮಾಡುವ ಸಹಾಯವೇ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೋ ಪೋಷಕರ ಸಭೆಗೋ ಹೋದಾಗ ಮಾರ್ಕ್ಸ್ ಎಷ್ಟು ಬಂತು ಎಂದಷ್ಟೇ ಕೇಳಿ ಬರಬೇಡಿ. ಈ ತಿಂಗಳು ತರಗತಿಯಲ್ಲಿ ಯಾವ ಇಂಗ್ಲಿಷ್ ಕಥೆ ಓದಿ ಹೇಳಿದಿರಿ, ನನ್ನ ಮಗಳಿಗೆ ಬಾಯಿಬಿಟ್ಟು ಮಾತಾಡಲು ಎಷ್ಟು ಅವಕಾಶ ಸಿಕ್ಕಿತು, ಮನೆಗೆ ಕಥೆಪುಸ್ತಕ ಕೊಟ್ಟು ಕಳಿಸುತ್ತೀರಾ ಎಂದು ಕೇಳಿ. ಮಗು ಮೂರನೇ ತರಗತಿ ಮುಗಿಸುವ ಹೊತ್ತಿಗೆ ಕನ್ನಡದ ಒಂದು ಕಥೆಯನ್ನು ತಡವರಿಸದೆ ಓದಿ ತನ್ನ ಮಾತಿನಲ್ಲಿ ಹೇಳುತ್ತದೆಯೇ ಎಂದು ಮನೆಯಲ್ಲೇ ನೋಡಿ. ಹೇಳದಿದ್ದರೆ ಇಂಗ್ಲಿಷ್ ಟ್ಯೂಷನ್ನಿಗೆ ಹಣ ಕಟ್ಟುವ ಮೊದಲು ಅದನ್ನು ಸರಿಪಡಿಸಿ, ಏಕೆಂದರೆ ಓದುವುದನ್ನು ಒಮ್ಮೆ ಕಲಿತ ಮಗು ಅದನ್ನು ಇಂಗ್ಲಿಷಿಗೂ ಕೊಂಡೊಯ್ಯುತ್ತದೆ. ಹಳ್ಳಿಗಳಲ್ಲಿ 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಿಂದಾಗಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. ಈ ವಾರವೇ ಮಗುವನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ. ಅಲ್ಲಿ ಚಿತ್ರವಿರುವ ಇಂಗ್ಲಿಷ್ ಕಥೆಪುಸ್ತಕಗಳು ಇಲ್ಲದಿದ್ದರೆ, ನಾಲ್ಕು ಮನೆಯವರು ಸೇರಿ ಸಹಿ ಹಾಕಿ, ತರಿಸಿಕೊಡಿ ಎಂದು ಪಂಚಾಯಿತಿಗೆ ಅರ್ಜಿ ಕೊಡಿ.